ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆಯನ್ನು ಎಣಿಸಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಒಬ್ಬನು ನಮ್ಮನ್ನು ಆದರದಿಂದ ಕರೆದು, ಮಣೆ ಹಾಕಿ, ಎಲೆಯಿಟ್ಟು ಬಡಿಸಿದ ಮೇಲೆ, ಕೈತೊಳೆದು ಹೊರಗೆ ಬಂದು, ಆ ಮನೆಯ ಮಾಡಿನಲ್ಲಿ ಎಷ್ಟು ಜಂತೆಗಳನ್ನು ಹುಳು ತಿಂದಿದೆ, ಎಷ್ಟು ಕಡೆ ಸೋರುತ್ತದೆ ಎಂದು ಬೀದಿಯಲ್ಲಿ ನಿಂತು ಲೆಕ್ಕ ಹೇಳುವುದು ಸಭ್ಯತೆಯಲ್ಲವೆಂಬುದರಲ್ಲಿ ವಿವಾದವಿಲ್ಲ. ಆದರೆ ಈ ಗಾದೆಯು ಅತಿಥಿಯ ಮಟ್ಟಿಗೆ ನಿಲ್ಲಲಿಲ್ಲ. ಸಂಬಳಕ್ಕೆ ದುಡಿಯುವವನ ಬಾಯಿಗೂ ಅದನ್ನೇ ಬೀಗವಾಗಿ ಹಾಕಿದ್ದಾಯಿತು. ಗುಮಾಸ್ತನು ಕಛೇರಿಯ ವಿಷಯವನ್ನೋ, ಉಪಾಧ್ಯಾಯನು ಶಾಲೆಯ ವಿಷಯವನ್ನೋ, ಕೂಲಿಗಾರನು ಗಿರಣಿಯ ವಿಷಯವನ್ನೋ ಎತ್ತಿದೊಡನೆ, ‘ಅನ್ನ ಕೊಟ್ಟ ಧಣಿಯನ್ನು ಆಡಿಕೊಳ್ಳುತ್ತೀಯಾ?’ ಎಂದು ಮನೆಯ ಹಿರಿಯರೇ ಮೊದಲು ಗದರಿಸುತ್ತಾರೆ. ಇತ್ತ ಈ ಕಾಲದ ಕೆಲವು ತರುಣರಲ್ಲಿ ಇದಕ್ಕೆ ನೇರ ವಿರುದ್ಧವಾದ ಚಾಳಿಯನ್ನು ನೋಡುತ್ತೇವೆ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿರುವುದಿಲ್ಲ. ಆ ಸಂಸ್ಥೆಯೇ ನರಕ, ಮೇಲಧಿಕಾರಿಯೇ ಯಮ ಎಂದು ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತನಿಗೂ ಹೇಳಿಬಿಡುತ್ತಾರೆ. ವೇತನ ತೆಗೆದುಕೊಳ್ಳತಕ್ಕವನು ತಾನು ದುಡಿಯುವ ಸ್ಥಳದ ಗುಣದೋಷಗಳನ್ನು ಹೇಳಬಹುದೇ, ಹೇಳಬಾರದೇ. ಹೇಳಬಹುದಾದರೆ ಯಾರ ಮುಂದೆ, ಯಾವ ರೀತಿಯಲ್ಲಿ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವಾಗಿ ಕಂಡರೂ, ಹಗಲಿನ ಎಂಟು ಹತ್ತು ಗಂಟೆಗಳನ್ನು ಅನ್ಯರ ಆಡಳಿತದಲ್ಲಿ ಕಳೆಯುವ ಕುಟುಂಬಗಳೇ ಹೆಚ್ಚಾಗಿರುವ ಈ ದಿನಗಳಲ್ಲಿ ಅಷ್ಟೇನೂ ಅಲ್ಪವಲ್ಲ.

ಮೊದಲು ಆ ಗಾದೆಯ ಬುಡವನ್ನೇ ನೋಡೋಣ. ಅತಿಥಿಯು ಉಂಡ ಅನ್ನಕ್ಕೆ ಪ್ರತಿಯಾಗಿ ಏನನ್ನೂ ಕೊಟ್ಟಿಲ್ಲ. ಆದುದರಿಂದ ಅವನ ಮೇಲೆ ಋಣವಿದೆ. ಭೃತ್ಯನಾದರೋ ಮೊದಲು ದುಡಿದು ಆಮೇಲೆ ಕೈನೀಡುತ್ತಾನೆ. ತಿಂಗಳ ಮೂವತ್ತು ದಿನ ದುಡಿದವನಿಗೆ ಸಂಬಳ ಬರುವ ಕ್ಷಣದವರೆಗೂ ಸಾಲಗಾರನಾಗಿರುವವನು ಧಣಿಯೇ ಹೊರತು ದುಡಿದವನಲ್ಲ. ಈ ಮಾತು ಪಶ್ಚಿಮದಿಂದ ಬಂದ ಹೊಸ ಮತವೆಂದು ಯಾರೂ ಭಾವಿಸಬೇಕಾಗಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೫ರಲ್ಲಿ ಕಂಡುಹಿಡಿದು ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವೇತನವು ಆದ್ಯಂತವಾಗಿ ಕರಾರಿನ ವಿಷಯ. ಕೂಲಿಯನ್ನು ಕೊಡದ ಒಡೆಯನಿಗೆ ಅದರ ಹತ್ತನೆಯ ಒಂದು ಪಾಲು ಅಥವಾ ೬ ಪಣ ದಂಡ. ಕೂಲಿಯನ್ನು ತೆಗೆದುಕೊಂಡು ಕೆಲಸಮಾಡದ ಆಳಿಗೆ ೧೨ ಪಣ ದಂಡ. (ದಂಡದಲ್ಲಿಯೂ ಒಡೆಯನಿಗೆ ರಿಯಾಯಿತಿ ತೋರಿಸಿದಂತೆ ಕಾಣುತ್ತದೆ, ಅದು ಬೇರೆ ಮಾತು.) ವ್ಯಾಧಿಗೊಳಗಾದ ಭೃತಕನಿಗೆ ಕರಾರಿನಿಂದ ವಿನಾಯಿತಿಯುಂಟು. ರಾಜಸೇವೆಯಲ್ಲಿ ಸತ್ತವನ ಹೆಂಡತಿ ಮಕ್ಕಳಿಗೆ ಅವನ ಅನ್ನವೇತನಗಳು ಸಲ್ಲತಕ್ಕವು. ಮಂತ್ರಿ ಪುರೋಹಿತ ಸೇನಾಪತಿಗಳಿಗೆ ೪೮,೦೦೦ ಪಣದಿಂದ ಹಿಡಿದು, ಕಟ್ಟಕಡೆಯ ಪರಿಚಾರಕನಿಗೆ ೬೦ ಪಣದವರೆಗೆ ಸಂಬಳದ ಪಟ್ಟಿಯನ್ನು ಕೊಟ್ಟು, ಮೇಲಿನವರಿಗೆ ಅಷ್ಟು ಕೊಟ್ಟರೆ ಅವರು ಆಮಿಷಕ್ಕೂ ಬೀಳರು, ಮುನಿಯಲೂ ಮುನಿಯರು ಎಂದು ಕಾರಣವನ್ನೂ ಹೇಳುತ್ತಾನೆ. ಇಲ್ಲಿ ಉಪ್ಪಿನ ಋಣದ ಪ್ರಸ್ತಾಪವೇ ಇಲ್ಲ. ನಿಷ್ಠೆಯನ್ನು ಬೇಕೆನ್ನುವವನು ಅದಕ್ಕೆ ತಕ್ಕ ಬೆಲೆಯನ್ನು ಕೊಡಬೇಕೆಂಬ ವ್ಯವಹಾರಜ್ಞಾನವಿದೆ.

ಹಾಗೆಂದು ಧಣಿಗೂ ದುಡಿಯುವವನಿಗೂ ಕರಾರಿನ ಆಚೆಗೆ ಯಾವ ಋಣವೂ ಹುಟ್ಟುವುದೇ ಇಲ್ಲವೆಂದರೆ ಅದು ಒಣ ತರ್ಕವಾದೀತು. ಮಗಳ ಮದುವೆಗೆ ಮುಂಗಡ ಕೊಟ್ಟವನುಂಟು. ಆಳು ಆರು ತಿಂಗಳು ಮಲಗಿದಾಗ ಅವನ ಹೆಸರನ್ನು ಹಾಜರಿಪಟ್ಟಿಯಿಂದ ಹೊಡೆಯದೆ ಉಳಿಸಿದವನುಂಟು. ಅಂಥದು ನಿಜವಾದ ಋಣ. ಅದನ್ನು ಮರೆಯುವವನು ಕೃತಘ್ನನೇ ಸರಿ. ಆದರೆ ಆ ಋಣವು ತೀರುವುದು ಉಪಕಾರಸ್ಮರಣೆಯಿಂದ, ಪ್ರತ್ಯುಪಕಾರದಿಂದ. ಒಬ್ಬನಿಗೆ ಉಪಕಾರಮಾಡಿದ ಧಣಿಯು ಹತ್ತು ಮಂದಿಯ ಕೂಲಿಯನ್ನು ಕತ್ತರಿಸುತ್ತಿದ್ದರೆ, ಉಪಕೃತನ ಮೌನವು ಆ ಹತ್ತು ಮಂದಿಯ ಗಂಟಿನಿಂದ ತನ್ನ ಸಾಲವನ್ನು ತೀರಿಸಿದಂತಾಗುತ್ತದೆ.

ಇನ್ನು ಪೂರ್ವಪಕ್ಷದವರು ಮಹಾಭಾರತವನ್ನು ಎತ್ತುವುದುಂಟು. ಪಾಂಡವರು ಅಜ್ಞಾತವಾಸಕ್ಕಾಗಿ ವಿರಾಟನಗರಕ್ಕೆ ಹೊರಟಾಗ ಧೌಮ್ಯನು ಅವರಿಗೆ ರಾಜಗೃಹದಲ್ಲಿ ವಾಸಮಾಡುವ ಕ್ರಮವನ್ನು ಉಪದೇಶಿಸಿದನಷ್ಟೆ: ಅರಸನ ಆಸನವನ್ನಾಗಲಿ ವಾಹನವನ್ನಾಗಲಿ ಏರಬೇಡಿರಿ, ಕೇಳದೆ ಬುದ್ಧಿ ಹೇಳಬೇಡಿರಿ, ಅಲ್ಲಿಯ ಗುಟ್ಟನ್ನು ಹೊರಗೆ ಒಯ್ಯಬೇಡಿರಿ ಇತ್ಯಾದಿ. ಸೇವಕನು ಮೌನಿಯಾಗಿರತಕ್ಕದ್ದೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೇ ಎಂದು ಅವರು ಕೇಳುತ್ತಾರೆ. ಸಮಾಧಾನವೇನೆಂದರೆ, ಧೌಮ್ಯನು ಹೇಳಿದ್ದು ನೀತಿ, ಧರ್ಮವಲ್ಲ. ಒಂದು ವರ್ಷ ಗುರುತು ಸಿಕ್ಕದೆ ಬದುಕಬೇಕಾಗಿದ್ದವರಿಗೆ ಹೇಳಿದ ಕ್ಷೇಮೋಪಾಯವದು. ಅಷ್ಟೇ ಅಲ್ಲ, ಗುಟ್ಟು ಬೇರೆ, ದೋಷ ಬೇರೆ. ಮಿಠಾಯಿಯಂಗಡಿಯ ಆಳು ಪಾಕದ ಹದವನ್ನು ಎದುರಂಗಡಿಯವನಿಗೆ ಹೇಳಿದರೆ ಅದು ದ್ರೋಹ. ಅಲ್ಲಿ ನಿನ್ನೆಯ ಎಣ್ಣೆಯಲ್ಲಿಯೇ ಇಂದೂ ಕರಿಯುತ್ತಾರೆಂದು ತಿನ್ನುವವನಿಗೆ ಹೇಳಿದರೆ ದ್ರೋಹವಲ್ಲ. ಒಡೆಯನ ದುಡಿಮೆಯಿಂದ, ಬುದ್ಧಿಯಿಂದ ಹುಟ್ಟಿದ ರಹಸ್ಯವು ಅವನ ಸ್ವತ್ತು. ಅನ್ಯರಿಗೆ ಅವನು ಮಾಡಿದ ಅನ್ಯಾಯವನ್ನು ಅವನ ಸ್ವತ್ತೆನ್ನುವುದು ಹೇಗೆ? ಈಗಿನ ಕಂಪೆನಿಗಳು ಕೆಲಸಕ್ಕೆ ಸೇರುವವರಿಂದ ರುಜು ಹಾಕಿಸಿಕೊಳ್ಳುವ ರಹಸ್ಯಪಾಲನೆಯ ಕರಾರುಗಳನ್ನು ನೋಡಿದರೆ, ಈ ಎರಡನ್ನೂ ಒಂದೇ ಚೀಲದಲ್ಲಿ ಕಟ್ಟಿರುವಂಥವು ಹಲವು ಕಾಣುತ್ತವೆ.

ಮಹಾಭಾರತವನ್ನು ಎತ್ತಿದಮೇಲೆ ಧೌಮ್ಯನಲ್ಲಿಯೇ ನಿಲ್ಲುವುದು ಸರಿಯಲ್ಲ. ಒಂದೇ ಅರಮನೆಯ ಉಪ್ಪನ್ನು ಉಂಡ ಇಬ್ಬರನ್ನು ವ್ಯಾಸರು ನಮ್ಮ ಮುಂದೆ ನಿಲ್ಲಿಸಿದ್ದಾರೆ. ಯುದ್ಧದ ಮೊದಲ ದಿನ ಧರ್ಮರಾಯನು ಕವಚವನ್ನು ಕಳಚಿ, ಕಾಲ್ನಡಿಗೆಯಲ್ಲಿ ಶತ್ರುಸೇನೆಯೊಳಗೆ ನಡೆದು, ಭೀಷ್ಮನ ಪಾದಗಳನ್ನು ಹಿಡಿದು ಅಪ್ಪಣೆ ಬೇಡುತ್ತಾನೆ. ಆಗ ಆ ವೃದ್ಧನು, ಮನುಷ್ಯನು ಅರ್ಥಕ್ಕೆ ದಾಸನೆಂದೂ, ಕೌರವರು ತನ್ನನ್ನು ಅರ್ಥದಿಂದ ಕಟ್ಟಿಹಾಕಿದ್ದಾರೆಂದೂ, ಆದಕಾರಣ ಷಂಡನಂತೆ ಮಾತನಾಡಬೇಕಾಗಿದೆಯೆಂದೂ ಹೇಳುತ್ತಾನೆ. ದ್ರೋಣನದೂ ಅದೇ ಮಾತು, ಕೃಪನದೂ ಅದೇ ಮಾತು, ಶಲ್ಯನದೂ ಅದೇ ಮಾತು. ನಾಲ್ವರ ಬಾಯಲ್ಲಿ ನಾಲ್ಕು ಸಲ ಒಂದೇ ಮಾತನ್ನು ಕವಿಯು ಸುಮ್ಮನೆ ಹೇಳಿಸಿರಲಾರನು. ಇಷ್ಟು ದೊಡ್ಡವರು ತಮ್ಮ ಮಾತಿನಿಂದಲೇ ಇಷ್ಟು ಚಿಕ್ಕವರಾಗುವುದನ್ನು ಕಾವ್ಯದಲ್ಲಿ ಬೇರೆಲ್ಲಿಯೂ ನಾನು ಕಾಣೆ. ತಪ್ಪು ಯಾರದೆಂಬುದನ್ನು ಅವರು ಬಲ್ಲರು. ಬಲ್ಲೆವೆಂದು ಒಪ್ಪಿಕೊಳ್ಳುತ್ತಲೂ ಇದ್ದಾರೆ.

ಇನ್ನೊಬ್ಬನು ವಿದುರ. ಅವನ ಮನೆಯ ಒಲೆಯೂ ಅದೇ ಭಂಡಾರದಿಂದ ಉರಿಯುತ್ತಿತ್ತು. ದ್ಯೂತಸಭೆಯಲ್ಲಿ ಅವನು ಎದ್ದು ನಿಂತು ಇದು ಕುಲನಾಶನವೆಂದು ಹೇಳಿದಾಗ, ದುರ್ಯೋಧನನು ಕೊಟ್ಟ ಉತ್ತರವನ್ನು ಗಮನಿಸಬೇಕು. ಮಡಿಲಲ್ಲಿಟ್ಟುಕೊಂಡು ಸಾಕಿದ ಹಾವಿನಂಥವನು, ಪೋಷಕನನ್ನೇ ಪರಚುವ ಬೆಕ್ಕಿನಂಥವನು ನೀನು ಎಂದು ಅವನನ್ನು ಹಳಿಯುತ್ತಾನೆ. ಉಂಡ ಮನೆಯ ಜಂತೆ ಎಣಿಸುವವನೆಂಬ ನಮ್ಮ ಗಾದೆಯ ಬೈಗುಳವೇ ಅದು. ಅದನ್ನು ಆಡಿದವನು ಯಾರೆಂಬುದನ್ನು ವಾಚಕರು ಮರೆಯಬಾರದು. ಮುಂದೆ ಧೃತರಾಷ್ಟ್ರನೇ ಬೇಕಾದಲ್ಲಿಗೆ ಹೋಗೆಂದಾಗ ವಿದುರನು ಕಾಮ್ಯಕವನಕ್ಕೆ ಹೊರಟುಹೋದನು. ಆದರೆ ಅವನಿಲ್ಲದೆ ಆ ಕುರುಡು ದೊರೆಗೆ ನಡೆಯಲಿಲ್ಲ. ಸಂಜಯನನ್ನು ಅಟ್ಟಿ ಕರೆಸಿಕೊಂಡನು. ತಿರುಗಿ ಬಂದವನು ಮಾತನ್ನು ಬದಲಿಸಲಿಲ್ಲ. ಉದ್ಯೋಗಪರ್ವದಲ್ಲಿ ನಿದ್ದೆ ಬಾರದ ರಾತ್ರಿ ದೊರೆ ಹೇಳಿಕಳುಹಿಸಿದ್ದು ಅವನಿಗೇ. ಸಭೆಯಲ್ಲಿ ಬಿಲ್ಲನ್ನು ಮುರಿದ ವಿದುರನ ಕಥೆಯನ್ನು ಕನ್ನಡನಾಡಿನ ಜನ ಗಮಕಿಗಳ ಬಾಯಿಂದ ತಲೆಮಾರುಗಳ ಕಾಲ ಕೇಳಿದ್ದಾರೆ. ಕೇಳಿ ತಲೆದೂಗಿದವರು ಮನೆಗೆ ಬಂದು ಮಗನಿಗೆ ಭೀಷ್ಮನ ಬುದ್ಧಿಯನ್ನೇ ಹೇಳುತ್ತಾರೆಂಬುದು ವಿಚಿತ್ರ.

ವಿದುರನ ಮಾತಿಗೂ ಬಸ್ಸಿನಲ್ಲಿ ಕುಳಿತ ತರುಣನ ಮಾತಿಗೂ ಇರುವ ಅಂತರವೇನು? ವಿದುರನು ಕೇಳಬೇಕಾದವರ ಮುಂದೆ ಹೇಳಿದನು, ಕಂಡದ್ದನ್ನು ಹೇಳಿದನು, ಅದರ ಫಲವನ್ನು ತಾನು ಅನುಭವಿಸಲು ಸಿದ್ಧನಾಗಿದ್ದನು. ದುಡಿಯುವ ಸ್ಥಳದ ವಿಷಯವಾಗಿ ಒಬ್ಬನು ಆಡುವ ಮಾತು ಸ್ತುತಿಯೂ ಅಲ್ಲ, ನಿಂದೆಯೂ ಅಲ್ಲ, ಅದು ಸಾಕ್ಷಿ. ಸಾಕ್ಷಿಗೆ ಸಲ್ಲುವ ನಿಯಮಗಳೇ ಅದಕ್ಕೂ ಸಲ್ಲತಕ್ಕವೆಂಬುದು ನನ್ನ ಅಭಿಪ್ರಾಯ.

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಸಾಕ್ಷಿಯಾಗಲು ಅರ್ಹರಲ್ಲದವರ ಪಟ್ಟಿಯೊಂದಿದೆ. ಅದರಲ್ಲಿ ಇಂದು ಯಾವ ವಿವೇಕಿಯೂ ಒಪ್ಪಲಾರದ ಮಾತುಗಳು ಕೆಲವಿವೆ, ಅವನ್ನು ಬಿಡೋಣ. ಆದರೆ ವ್ಯವಹಾರದಲ್ಲಿ ಹಣದ ಸಂಬಂಧವುಳ್ಳವನು, ಮಿತ್ರನು, ಸಹಾಯಕನು, ವೈರಿ, ಅನ್ಯರಿಗೆ ಅಧೀನನಾದವನು, ಇವರು ಸಾಕ್ಷಿಗಳಾಗಬಾರದೆಂಬ ಭಾಗವು ವಿಚಾರಯೋಗ್ಯವಾದದ್ದು. ಈ ನಿಯಮವನ್ನು ನಮ್ಮ ಪ್ರಶ್ನೆಗೆ ಹಚ್ಚಿದರೆ ಒಂದು ವಿಪತ್ತು ತಲೆದೋರುತ್ತದೆ. ಕೆಲಸದಲ್ಲಿರುವವನು ಅಧೀನ, ಬಡ್ತಿ ಪಡೆದವನು ಮಿತ್ರ, ಬಡ್ತಿ ತಪ್ಪಿದವನು ವೈರಿ, ಬಿಟ್ಟುಹೋದವನು ಬಿಟ್ಟ ಕಾರಣದಿಂದಲೇ ಪಕ್ಷಪಾತಿ. ಹಾಗಾದರೆ ಕಾರ್ಖಾನೆಯ ಒಳಗಿನ ಸ್ಥಿತಿಯನ್ನು ಹೇಳಲು ಯಾರು ಉಳಿದರು? ಹೊರಗೆ ನಿಂತು ನೋಡುವವನಿಗೆ ದೂರದ ಬೆಟ್ಟ ನುಣ್ಣಗೆ. ಆದರೆ ಸ್ಮೃತಿಕಾರನು ಅಲ್ಲಿಗೇ ನಿಲ್ಲಲಿಲ್ಲ. ಮನೆಯ ಒಳಗೆ ನಡೆದ ಸಂಗತಿಗೆ, ಅಡವಿಯಲ್ಲಿ ನಡೆದ ಸಂಗತಿಗೆ, ಪ್ರತ್ಯಕ್ಷವಾಗಿ ಬಲ್ಲವನು ಯಾವನಾದರೂ ಸಾಕ್ಷಿಯಾಗಬಹುದು. ಬೇರೆ ಯಾರೂ ದೊರೆಯದಿದ್ದರೆ ಶಿಷ್ಯನೂ, ದಾಸನೂ, ಕೂಲಿಯ ಆಳೂ ಸಾಕ್ಷಿ ಹೇಳಬಹುದೆಂದು ತಾನೇ ಬಾಗಿಲನ್ನು ತೆರೆದಿದ್ದಾನೆ. ದುಡಿಯುವ ಸ್ಥಳಕ್ಕಿಂತ ಹೆಚ್ಚಿನ ಅಂತರ್ಗೃಹ ಯಾವುದಿದೆ? ನ್ಯಾಯಭಾಷ್ಯವನ್ನು ಬರೆದ ವಾತ್ಸ್ಯಾಯನನಾದರೋ ಇನ್ನೂ ಉದಾರಿ. ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಕಂಡು, ಕಂಡಂತೆ ತಿಳಿಸಬೇಕೆಂಬ ಇಚ್ಛೆಯಿಂದ ಹೇಳುವವನು ಆಪ್ತನೆಂದು ಲಕ್ಷಣಹೇಳಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸುತ್ತಾನೆ. ಋಷಿಗೂ ಮ್ಲೇಚ್ಛನಿಗೂ ಸಮಾನವಾದದ್ದು ಗಣಿಯ ಕೂಲಿಗೆ ಸಲ್ಲದೇ ಹೋದೀತೇ?

ಗಣಿಯ ಮಾತು ಬಂದುದರಿಂದ ಕೋಲಾರದ ಚಿನ್ನದ ಗಣಿಗಳನ್ನು ನೋಡಬಹುದು. ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಮನುಷ್ಯರನ್ನು ಇಳಿಸಿದ ಸ್ಥಳವದು. ಶಿವನಸಮುದ್ರದಿಂದ ೧೯೦೨ರಲ್ಲಿಯೇ ಅಲ್ಲಿಗೆ ವಿದ್ಯುಚ್ಛಕ್ತಿ ಬಂತು. ಬೆಂಗಳೂರಿನ ಬೀದಿಗಳೂ ಆಗ ಆ ಬೆಳಕನ್ನು ಕಂಡಿರಲಿಲ್ಲ. ಆಸ್ಪತ್ರೆಯಿತ್ತು, ಶಾಲೆಯಿತ್ತು, ಕಾಯಂ ಕೂಲಿಯಿತ್ತು. ಜತೆಗೆ ಬಂಡೆ ಸಿಡಿಯುವ ಭಯವಿತ್ತು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕಟ್ಟಿಕೊಂಡು ಬರುವ, ಮದ್ದಿಲ್ಲದ ಕೆಮ್ಮು ಇತ್ತು. ಒಂದು ಕಡೆ ಅಧಿಕಾರಿಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ಇನ್ನೊಂದು ಕಡೆ ಕೂಲಿಗಾರರ ಇಕ್ಕಟ್ಟಾದ ಸಾಲುಮನೆಗಳು ಇದ್ದವು. ೧೯೩೦ರಲ್ಲಿ ಕೂಲಿಗಾರರ ಬೆರಳಚ್ಚು ತೆಗೆದು ದಾಖಲಿಸುವ ಏರ್ಪಾಡು ಬಂದಾಗ ಅವರು ಕೆಲಸ ನಿಲ್ಲಿಸಿದರು. ಕೂಲಿ ಸಾಲದೆಂದು ಎದ್ದ ಮುಷ್ಕರವಲ್ಲವದು. ತಮ್ಮನ್ನು ಕಳ್ಳರಂತೆ ಕಾಣುತ್ತಾರೆಂಬ ಸಂಕಟದಿಂದ ಎದ್ದದ್ದು. ೨೦೦೧ರ ಫೆಬ್ರುವರಿಯಲ್ಲಿ ಗಣಿಗಳು ಮುಚ್ಚಿದವು. ಅಲ್ಲಿ ದುಡಿದು ಹಣ್ಣಾದ ಮುದುಕರನ್ನು ಮಾತನಾಡಿಸಿದವರು ಒಂದು ಸಂಗತಿಯನ್ನು ಗಮನಿಸಿಯೇ ಇರುತ್ತಾರೆ. ಅವರು ಗಣಿಯನ್ನು ಹೊಗಳುವ ಉಸಿರಿನಲ್ಲಿಯೇ ಕೆಮ್ಮುತ್ತಾರೆ. ಕೆಳಗಿನ ಬಿಸಿಲಿಲ್ಲದ ಬೇಗೆಯನ್ನು ವರ್ಣಿಸಿ, ಮರುಕ್ಷಣ, ಅಂಥ ಊರು ಮತ್ತೆಲ್ಲಿಯೂ ಇರಲಿಲ್ಲವೆನ್ನುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದು ನಿಜವೆಂದು ಕೇಳುವುದು ತರ್ಕದ ಹುಡುಗಾಟ. ಒಂದನ್ನು ಬಿಟ್ಟು ಇನ್ನೊಂದನ್ನು ಬರೆದುಕೊಂಡವನಿಗೆ ಕೋಲಾರ ತಿಳಿದಿಲ್ಲ.

ದುಡಿಯುವವರು ಒಟ್ಟಾಗಿ ಮಾತನಾಡುವುದನ್ನು ನಮ್ಮ ದೇಶದ ನ್ಯಾಯಾಸ್ಥಾನಗಳೂ ಒಂದು ಕಾಲಕ್ಕೆ ಸಂಶಯದಿಂದ ನೋಡಿದವು. ಮದರಾಸಿನ ಪೆರಂಬೂರಿನ ಬಟ್ಟೆಯ ಗಿರಣಿಗಳಲ್ಲಿ ನಡುಹಗಲ ಊಟದ ಬಿಡುವು ತುತ್ತು ನುಂಗುವುದಕ್ಕೂ ಸಾಲದೆಂದು ಕೂಲಿಗಾರರು ಕೊರಗುತ್ತಿದ್ದರು. ೧೯೧೮ರ ಏಪ್ರಿಲಿನಲ್ಲಿ ಬಿ. ಪಿ. ವಾಡಿಯಾ ಮೊದಲಾದವರ ಮುಂದಾಳುತನದಲ್ಲಿ ಅಲ್ಲಿ ಮದರಾಸ್ ಲೇಬರ್ ಯೂನಿಯನ್ ಹುಟ್ಟಿತು. ಎರಡೇ ವರ್ಷಗಳಲ್ಲಿ ಬಿನ್ನಿ ಕಂಪೆನಿಯವರು, ವಾಡಿಯಾ ಅವರು ಕೂಲಿಗಾರರನ್ನು ಕರಾರು ಮುರಿಯುವಂತೆ ಪ್ರೇರಿಸುತ್ತಾರೆಂದು ಮದರಾಸಿನ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆಯನ್ನು ತಂದರು. ಈ ಪ್ರಕರಣವು ಎಬ್ಬಿಸಿದ ಕಳವಳವೇ ೧೯೨೬ರ ಟ್ರೇಡ್ ಯೂನಿಯನ್ ಕಾನೂನಿಗೆ ಒಂದು ಮುಖ್ಯ ಕಾರಣವಾಯಿತು. ಊಟದ ಬಿಡುವು ಸಾಲದೆಂಬ ಮಾತು ಎಷ್ಟು ಸಣ್ಣದು! ಅದನ್ನು ಗಿರಣಿಯೊಳಗೆ ಕಿವಿಗೊಟ್ಟು ಕೇಳುವವರು ಒಬ್ಬರಿದ್ದಿದ್ದರೆ ಅದು ಹೈಕೋರ್ಟಿನ ಮೆಟ್ಟಿಲವರೆಗಿನ ದಾರಿಯನ್ನು ಹಿಡಿಯುತ್ತಿತ್ತೋ ಇಲ್ಲವೋ.

ಕೇಳುವುದೂ ಒಂದು ವಿದ್ಯೆ. ಅಮೆರಿಕಾದ ಷಿಕಾಗೋ ನಗರದ ಬಳಿ ಹಾಥಾರ್ನ್ ಎಂಬ ಕಾರ್ಖಾನೆಯಲ್ಲಿ ೧೯೨೮ರಿಂದ ೧೯೩೦ರವರೆಗೆ ೨೧,೦೦೦ಕ್ಕೂ ಹೆಚ್ಚು ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಅವರ ಅಭಿಪ್ರಾಯಗಳನ್ನು ಕೇಳಿದರು. ಮೊದಲು ಗೊತ್ತಾದ ಪ್ರಶ್ನೆಗಳನ್ನು ಹಾಕಿದರು. ಕೆಲಸಗಾರರಾದರೋ ಪ್ರಶ್ನೆಯನ್ನು ಬಿಟ್ಟು ತಮ್ಮ ಮನಸ್ಸಿನಲ್ಲಿದ್ದದ್ದನ್ನೇ ಹೇಳುತ್ತಿದ್ದರು. ಕಡೆಗೆ ಪ್ರಶ್ನೆಗಳನ್ನು ಮಡಿಸಿಟ್ಟು, ಅವರು ಹೇಳಿದ್ದನ್ನು ಕೇಳುವುದೇ ಸರಿಯಾದ ಕ್ರಮವೆಂದು ಪರೀಕ್ಷಕರು ಕಂಡುಕೊಂಡರು. ಆ ಕೆಲಸದಲ್ಲಿದ್ದವರು ದೂರುಗಳಲ್ಲಿ ತರತಮವನ್ನು ಮಾಡಿದ್ದಾರೆ. ಈ ಉಳಿ ಮೊಂಡಾಗಿದೆ, ಆ ಬಾಗಿಲು ಮುರಿದಿದೆ ಎಂಬುದು ಒಂದು ಬಗೆ. ಯಾರು ಬೇಕಾದರೂ ಹೋಗಿ ನೋಡಬಹುದು. ಈ ಕೋಣೆಯಲ್ಲಿ ಸೆಕೆ, ಈ ಕೆಲಸ ಕೊಳಕು ಎಂಬುದು ಇನ್ನೊಂದು ಬಗೆ. ಒಬ್ಬನಿಗೆ ಸೆಕೆಯಾದದ್ದು ಇನ್ನೊಬ್ಬನಿಗೆ ಹಿತವಾಗಿರಬಹುದು. ಇಲ್ಲಿ ಯೋಗ್ಯತೆಗೆ ಬೆಲೆಯಿಲ್ಲ, ಸಂಬಳ ಕಡಮೆ ಎಂಬುದು ಮೂರನೆಯದು. ಅದರೊಳಗೆ ಹೇಳುವವನ ಆಸೆ, ಮನೆಯ ಕಷ್ಟ, ಪಕ್ಕದವನೊಡನೆ ಹೋಲಿಕೆ ಎಲ್ಲವೂ ಬೆರೆತಿರುತ್ತವೆ. ಮೂರನೆಯದು ಸುಳ್ಳೆಂದು ಇದರ ಅರ್ಥವಲ್ಲ. ಅದನ್ನು ಕೇಳುವಾಗ ಹೇಳುವವನನ್ನೂ ಸೇರಿಸಿಕೊಂಡು ಕೇಳಬೇಕೆಂದು ಅರ್ಥ. ಪಾಠಶಾಲೆಯಲ್ಲಿ ಪ್ರತ್ಯಕ್ಷ ಅನುಮಾನ ಶಬ್ದಗಳ ಬಲಾಬಲವನ್ನು ಉರುಹೊಡೆದ ನನ್ನಂಥವನಿಗೆ ಇದು ಹಳೆಯ ನೆಂಟನನ್ನು ಹೊಸ ಉಡುಪಿನಲ್ಲಿ ಕಂಡಂತಾಗುತ್ತದೆ.

ಈ ತೂಕದ ವಿಷಯದಲ್ಲಿ ಇನ್ನೂ ಒಂದು ಮಾತನ್ನು ಸೇರಿಸಬೇಕು. ತನ್ನ ಒಲವಿಗೆ ವಿರುದ್ಧವಾಗಿ ಹೇಳಿದ ಮಾತಿಗೆ ಬೆಲೆ ಹೆಚ್ಚು. ಜಗಳವಾಡಿ ಬಿಟ್ಟುಬಂದವನು ‘ಆದರೆ ಅವರು ಸಂಬಳವನ್ನು ಒಂದು ದಿನವೂ ತಡಮಾಡಲಿಲ್ಲ’ ಎಂದರೆ ನಂಬಬಹುದು. ಸುಖವಾಗಿ ಇರುವವನು ಕೊಂಚ ತಡೆದು ‘ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲಿ ಸುಲಭವಲ್ಲ’ ಎಂದರೆ ಅದನ್ನಂತೂ ನಂಬಲೇಬೇಕು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು, ಖಾಸಗಿ ಆಡಳಿತದ ಒಂದು ಶಾಲೆಯಲ್ಲಿ ಕೆಲಸ ದೊರೆಯುವಂತಿದೆ, ಸೇರಬಹುದೇ ಎಂದು ಕೇಳಿದಳು. ನಿವೃತ್ತನಾದ ಮೇಲೆ ಅಲ್ಲಿ ಎರಡು ವರ್ಷ ಸಂಸ್ಕೃತವನ್ನು ಪಾಠಹೇಳಿದ್ದೆನಾದ್ದರಿಂದ ನನ್ನನ್ನು ಕೇಳಿದ್ದು ಸಹಜವೇ. ಅಲ್ಲಿ ತರಗತಿಗೆ ಮೂವತ್ತು ಮಕ್ಕಳು ಮಾತ್ರ. ಬೇಕೆಂದ ಪುಸ್ತಕವನ್ನು ಮುಖ್ಯೋಪಾಧ್ಯಾಯರು ವಾರದೊಳಗೆ ತರಿಸಿಕೊಡುತ್ತಿದ್ದರು. ಪಾಠದಲ್ಲಿ ಯಾರೂ ಕೈಹಾಕುತ್ತಿರಲಿಲ್ಲ. ಇದನ್ನು ಹೇಳಿದೆ. ತಿಂಗಳ ಕೊನೆಗೆ ರುಜು ಮಾಡಬೇಕಾದ ಪುಸ್ತಕದಲ್ಲಿ ಬರೆದಿರುತ್ತಿದ್ದ ಮೊಬಲಗಿಗೂ ಕೈಗೆ ಬರುತ್ತಿದ್ದ ಮೊಬಲಗಿಗೂ ಅಂತರವಿತ್ತು, ಅದನ್ನು ಆಡಳಿತದವರ ಮುಂದೆಯೇ ಎತ್ತಿ, ಸರಿಯಾಗದ ಕಾರಣ ಬಿಟ್ಟುಬಂದೆ, ಇದನ್ನೂ ಹೇಳಿದೆ. ಹೆರಿಗೆಗೆ ರಜೆ ಕೇಳಿದ ಉಪಾಧ್ಯಾಯಿನಿಯರಿಂದ ರಾಜೀನಾಮೆಯನ್ನು ಬರೆಸಿಕೊಂಡು ಆಮೇಲೆ ಹೊಸಬರಂತೆ ಸೇರಿಸಿಕೊಳ್ಳುತ್ತಾರೆಂದು ಇಬ್ಬರಿಂದ ಕೇಳಿದ್ದೆ. ಅದನ್ನು ಕೇಳಿದ ಮಾತೆಂದೇ ಹೇಳಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಮುದುಕಿಯಾದ ತಾಯಿಯನ್ನು ಬಿಟ್ಟು ದೂರಹೋಗಲಾಗದೆಂದು ಅಲ್ಲಿಗೇ ಸೇರಿದಳು. ಆದರೆ ಸೇರುವ ಮೊದಲು ಸಂಬಳವನ್ನೂ ರಜೆಯನ್ನೂ ಬರವಣಿಗೆಯಲ್ಲಿ ಪಡೆದುಕೊಂಡಳು. ಅವಳಿಗೆ ಶಾಲೆಯ ಹೆಸರು ಬೇಕಾಗಿತ್ತು. ಈ ಪತ್ರಿಕೆಯ ವಾಚಕರಲ್ಲಿ ಆ ಕೆಲಸವನ್ನು ಅಪೇಕ್ಷಿಸುವವರು ಯಾರೂ ಇರಲಾರರಾದ್ದರಿಂದ ಇಲ್ಲಿ ಅದು ಬೇಕಾಗಿಲ್ಲ. ಸಾಕ್ಷಿಗೆ ಅಧಿಕಾರಿಯಾದ ಶ್ರೋತೃವೊಬ್ಬನಿರುತ್ತಾನೆ. ಆ ಮಾತಿನಿಂದ ಯಾರ ಬದುಕು ಕದಲುವುದೋ ಅವನೇ ಆ ಶ್ರೋತೃ. ಮುಂದೆ ಅಲ್ಲಿಗೆ ಸೇರುವವನು, ಅಲ್ಲಿಯೇ ಉಳಿದಿರುವವನು, ಸರಿಪಡಿಸಬಲ್ಲವನು. ಮಿಕ್ಕವರ ಕಿವಿಗೆ ಅದು ಕಾಲಕ್ಷೇಪ.

ಇಷ್ಟು ಹೇಳಿ, ದುಡಿಯುವವನಿಗೆ ಮಾತ್ರ ಬುದ್ಧಿಹೇಳುವವನೆಂಬ ಅಪವಾದವನ್ನು ನಾನು ಹೊರಲಾರೆ. ಧಣಿಯು ಆಳಿನ ವಿಷಯವಾಗಿ ಅಭಿಪ್ರಾಯವನ್ನು ಬರೆಯುವುದು ಪದ್ಧತಿಯೆನಿಸಿದೆ. ಅದಕ್ಕೆ ನಡತೆಯ ಪತ್ರವೆಂದು ಗೌರವದ ಹೆಸರು. ಸರ್ಕಾರದ ಕಛೇರಿಗಳಲ್ಲಿ ಮೇಲಧಿಕಾರಿಯು ವರ್ಷವರ್ಷವೂ ಗೋಪ್ಯವಾಗಿ ಬರೆದಿಡುತ್ತಿದ್ದ ವರದಿಯಿಂದ ಎಷ್ಟೋ ಮಂದಿಯ ಬಡ್ತಿ ಏಕೆ ತಪ್ಪಿತೆಂಬುದೇ ಅವರಿಗೆ ತಿಳಿಯದೆ ಹೋಯಿತು. ಅಂಥ ಪ್ರತಿಯೊಂದು ಬರಹವನ್ನೂ ಸಂಬಂಧಪಟ್ಟ ನೌಕರನಿಗೆ ತಿಳಿಸತಕ್ಕದ್ದೆಂದು ಸುಪ್ರೀಮ್ ಕೋರ್ಟು ತೀರ್ಪು ಕೊಡಲು ೨೦೦೮ ಬರಬೇಕಾಯಿತು. ಮೇಲಿನಿಂದ ಕೆಳಕ್ಕೆ ಬರೆದರೆ ವರದಿ, ಕೆಳಗಿನಿಂದ ಮೇಲಕ್ಕೆ ಬರೆದರೆ ಕೃತಘ್ನತೆ ಎಂಬ ನ್ಯಾಯವು ಯಾವ ಶಾಸ್ತ್ರದಲ್ಲಿದೆ? ಕೃತಘ್ನತೆಯ ಆರೋಪವಷ್ಟೇ ಆದರೆ ತಾಳಬಹುದು. ರಾಷ್ಟ್ರೀಯ ಹೆದ್ದಾರಿಯ ಕಾಮಗಾರಿಯಲ್ಲಿ ಇಂಜಿನಿಯರಾಗಿದ್ದ ಸತ್ಯೇಂದ್ರ ದುಬೆ ಎಂಬ ತರುಣನು ೨೦೦೨ರಲ್ಲಿ ಅಲ್ಲಿಯ ಅಕ್ರಮಗಳನ್ನು ಪ್ರಧಾನಮಂತ್ರಿಗಳ ಕಛೇರಿಗೆ ಬರೆದು ತಿಳಿಸಿದನು. ತನ್ನ ಹೆಸರನ್ನು ಗುಟ್ಟಾಗಿಡಬೇಕೆಂದು ಬೇಡಿಕೊಂಡಿದ್ದನು. ಪತ್ರವು ಹೆಸರಿನ ಸಮೇತ ಕಛೇರಿಯಿಂದ ಕಛೇರಿಗೆ ಹೋಯಿತು. ೨೦೦೩ರ ನವೆಂಬರ್ ೨೭ರ ಬೆಳಗಿನ ಜಾವ ಗಯೆಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಕೊಂದವರ ಉದ್ದೇಶವೇನೆಂಬ ವಿಚಾರವು ನ್ಯಾಯಾಲಯಕ್ಕೆ ಸೇರಿದ್ದು. ಅವನ ಹೆಸರನ್ನು ಮರೆಮಾಡದೆ ಬಿಟ್ಟದ್ದು ಮಾತ್ರ ಕೇಳಿಸಿಕೊಂಡವರ ಕಡೆಯ ಅಧರ್ಮ. ಸಾಕ್ಷಿಗೆ ಸತ್ಯದ ಭಾರವಿದ್ದಂತೆ ಕೇಳುವವನಿಗೆ ಅವನನ್ನು ಕಾಯುವ ಭಾರವಿದೆ.

ಈ ಭಾರವನ್ನು ಯಾರೂ ಹೊರದಿರುವ ತನಕ ಮೌನವಾಗಿರುವವನನ್ನು ಹೇಡಿಯೆನ್ನಲು ನನಗೆ ನಾಲಗೆ ಏಳುವುದಿಲ್ಲ. ಭೀಷ್ಮನ ಮೌನವೂ, ಮೂರು ಮಕ್ಕಳ ತಂದೆಯಾದ ಗುಮಾಸ್ತನ ಮೌನವೂ ಒಂದೇ ಅಲ್ಲ. ಭೀಷ್ಮನನ್ನು ಕೆಲಸದಿಂದ ತೆಗೆಯಬಲ್ಲವರು ಆ ರಾಜ್ಯದಲ್ಲಿ ಯಾರೂ ಇರಲಿಲ್ಲ. ಅವನಿಗೆ ಇಚ್ಛಾಮರಣದ ವರವಿತ್ತು. ಗುಮಾಸ್ತನಿಗೆ ಮುಂದಿನ ತಿಂಗಳ ಬಾಡಿಗೆಯಿದೆ. ಅವನ ಬಾಯಿಂದ ಮಾತು ಬಾರದಿರುವುದನ್ನು ಕಂಡು ಅಲ್ಲಿ ಎಲ್ಲವೂ ಸರಿಯಾಗಿದೆಯೆಂದು ಅನುಮಾನಿಸುವವನಿಗೆ ವ್ಯಾಪ್ತಿಜ್ಞಾನವಿಲ್ಲ.

ಈಚೆಗೆ ದೊಡ್ಡ ಕಂಪೆನಿಗಳಲ್ಲಿ, ಕೆಲಸ ಬಿಟ್ಟು ಹೊರಡುವವನನ್ನು ಕೊನೆಯ ದಿನ ಕರೆದು ಕೂರಿಸಿ ಇಲ್ಲಿಯ ಗುಣದೋಷಗಳನ್ನು ಹೇಳೆಂದು ಕೇಳುವ ಏರ್ಪಾಡಿದೆಯಂತೆ. ಕೇಳಲು ಚೆನ್ನಾಗಿದೆ. ಆದರೆ ಬಿಡುಗಡೆಯ ಪತ್ರವೂ ಉಳಿಕೆಯ ಹಣವೂ ಆಗ ಇನ್ನೂ ಕೇಳುವವರ ಕೈಯಲ್ಲಿರುತ್ತವೆ. ಅಧೀನನ ಸಾಕ್ಷಿಯನ್ನು ಹಳಬರು ಏಕೆ ಬೇಡವೆಂದರೆಂಬುದು ಅಲ್ಲಿಯೇ ಗೊತ್ತಾಗುತ್ತದೆ. ಎಲ್ಲವೂ ಸುಖವಾಗಿತ್ತೆಂದು ಬರೆದುಕೊಟ್ಟು ಅವನು ಹೊರಟುಬಿಡುತ್ತಾನೆ. ಹೋಗುವವನನ್ನು ಕೇಳುವ ಬದಲು ಇರುವವನನ್ನು, ಅವನ ಸ್ಥಾನಕ್ಕೆ ಚ್ಯುತಿ ಬಾರದಂತೆ, ವರ್ಷಕ್ಕೊಮ್ಮೆ ಕೇಳಿದ್ದರೆ ಹೋಗುವವರ ಸಂಖ್ಯೆಯೇ ಇಳಿಯುತ್ತಿತ್ತೋ ಏನೋ.

ನಮ್ಮ ಜಿಲ್ಲೆಯ ಊರುಗಳಿಂದ ಪ್ರತಿ ವರ್ಷವೂ ಪರೀಕ್ಷೆಗಳು ಮುಗಿದೊಡನೆ ಹುಡುಗರೂ ಹುಡುಗಿಯರೂ ಬೆಂಗಳೂರಿನ ಬಸ್ಸನ್ನು ಹತ್ತುತ್ತಾರೆ. ಮನೆಯಲ್ಲಿ ಹಿರಿಯರು ಸಂಬಳವೆಷ್ಟೆಂದು ಕೇಳುತ್ತಾರೆ, ಕಂಪೆನಿಯ ಹೆಸರೇನೆಂದು ಕೇಳುತ್ತಾರೆ, ಮನೆ ಎಷ್ಟು ದೂರವೆಂದು ಕೇಳುತ್ತಾರೆ. ಅಲ್ಲಿ ಹತ್ತು ವರ್ಷ ಉಳಿದವರು ಎಷ್ಟು ಮಂದಿ, ಬಿಟ್ಟವರು ಏಕೆ ಬಿಟ್ಟರು, ರಾತ್ರಿ ಎಷ್ಟು ಗಂಟೆಗೆ ಬಿಡುತ್ತಾರೆ, ಕಾಯಿಲೆ ಬಿದ್ದರೆ ಏನು ಮಾಡುತ್ತಾರೆ ಎಂದು ಕೇಳಿದ ತಂದೆತಾಯಿಗಳನ್ನು ನಾನು ಹೆಚ್ಚಾಗಿ ಕಂಡಿಲ್ಲ. ಆ ಕಂಪೆನಿಯಲ್ಲಿಯೇ ನಾಲ್ಕು ವರ್ಷಗಳಿಂದ ಇರುವ ನೆಂಟರ ಹುಡುಗನು ಹಬ್ಬಕ್ಕೆ ಬಂದು ಜಗಲಿಯ ಮೇಲೆಯೇ ಕುಳಿತಿರುತ್ತಾನೆ. ಹೊಸದಾಗಿ ಹೊರಟಿರುವ ಹುಡುಗಿ ಅವನನ್ನು ‘ಅಲ್ಲಿ ಹೇಗೆ?’ ಎಂದು ಕೇಳುತ್ತಾಳೆ. ಅವನು ಉತ್ತರ ಹೇಳುವ ಮೊದಲು ಪಕ್ಕದಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿರುವ ತನ್ನ ತಂದೆಯ ಮುಖವನ್ನು ನೋಡುತ್ತಾನೆ.